ಅತ್ತೆ ಹಂಚಿದ ಹವಳ

ನಮ್ಮ ಸೋದರತ್ತೆಯ ಮನೆಗೆ ಹೋಗಿ ಬರಿಗೈಯಲ್ಲಿ ಬಂದವರನ್ನು ಒಬ್ಬರನ್ನಾದರೂ ತೋರಿಸಿ, ನೋಡೋಣ! ಅವರ ಔದಾರ್ಯವನ್ನು ಹೊಗಳುತ್ತಿದ್ದೇನೆ ಅಂದುಕೊಂಡಿರಾ? ಅದು ಔದಾರ್ಯವಲ್ಲ ಸ್ವಾಮಿ, ಪೀಡೆ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಒಬ್ಬರೇ ಇರುವ ಅತ್ತೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಜತೆಯವರೆಲ್ಲ ಕಾಶಿಗೆ ಹೋದರೆ ಇವರು ಸಮುದ್ರವನ್ನೇ ಮನೆಗೆ ತಂದರು. ನಡುಮನೆಯಲ್ಲಿ ಗಾಜಿನ ತೊಟ್ಟಿ, ಉಪ್ಪುನೀರು, ನೀಲಿ ದೀಪ, ನಾಲ್ಕು ಮೀನು, ಕಲ್ಲಿಗಂಟಿ ಬೆಳೆಯುವ ಮೆತ್ತನೆಯ ಹವಳ. ಉಂಗುರದ ಹವಳವಲ್ಲ, ಜೀವವಿರುವುದು. ಎಳೆಮಗುವಿನ ಮುಷ್ಟಿಯ ಹಾಗೆ ಬಿಚ್ಚುತ್ತದೆ, ಮುಚ್ಚುತ್ತದೆ. ಚೆಂದವೇ. ಆದರೆ ಹಬ್ಬುತ್ತದೆ ನೋಡಿ, ಪಾರ್ಥೇನಿಯಂ ಕೂಡ ನಾಚಬೇಕು! ಕಲ್ಲಿಂದ ಕಲ್ಲಿಗೆ, ಅಲ್ಲಿಂದ ಗಾಜಿಗೆ, ಪಂಪಿನ ಬಾಯಿಗೆ. ಮರಳಿನ ಮಧ್ಯೆ ಒಂಟಿ ಕಲ್ಲಿನ ಮೇಲೆ ಕೂರಿಸಿದರು, ಮರಳನ್ನೂ ದಾಟಿತು. ಕೊನೆಗೆ ಪ್ರತಿ ಭಾನುವಾರ ಕಲ್ಲನ್ನು ಹೊರಗೆ ತೆಗೆದು ಚಾಕುವಿನಲ್ಲಿ ಕೆರೆಯುವ ಶಾಸ್ತ್ರ ಶುರುವಾಯಿತು.

"ಕೆರೆದಿದ್ದನ್ನ ಎಸೆದುಬಿಡಿ ಅತ್ತೆ" ಎಂದೆ.

"ಜೀವ ಕಣೇ ಅದು, ಚರಂಡಿಗೆ ಹಾಕ್ತಾರಾ? ದಾಸವಾಳದ ಕಡ್ಡಿ ಕೊಡಲ್ವಾ, ಹಾಗೆ ಕೊಡೋದು. ನಾಳೆ ನಮ್ದು ಹೋದ್ರೆ ಕೊಟ್ಟವರ ಮನೆಯಿಂದ ಇಸ್ಕೊಂಡು ಬರಬಹುದು."

ಆಯಿತಲ್ಲ! ಕುಂಕುಮಕ್ಕೆ ಬಂದವರಿಗೆಲ್ಲ ತಾಂಬೂಲದ ಜತೆ ಒಂದು ಕವರ್ ಉಪ್ಪುನೀರು, ಅದರೊಳಗೊಂದು ಹವಳದ ತುಂಡು. ಪಕ್ಕದ ಮನೆಯಾಕೆ ಭಕ್ತಿಯಿಂದ ಅದನ್ನು ತುಳಸಿಕಟ್ಟೆಗೆ ಸುರಿದರು. ತುಳಸಿ ಸುಟ್ಟುಹೋಯಿತು, ಆಕೆ ಅತ್ತೆಯ ಜತೆ ಮಾತನ್ನೂ ಬಿಟ್ಟರು. ಈಗ ಓಣಿಯ ಹೆಂಗಸರು ಹೊಸ್ತಿಲಾಚೆಯೇ ಕುಂಕುಮ ಹಚ್ಚಿಸಿಕೊಂಡು ಓಡುತ್ತಾರೆ.

ನನಗಂತೂ ಕವರಲ್ಲ, ಸಣ್ಣದೊಂದು ತೊಟ್ಟಿಯನ್ನೇ ಕೊಟ್ಟಿದ್ದರು. ಶಿವಮೊಗ್ಗದ ಸವಳಂಗ ರಸ್ತೆಯ ನಮ್ಮ ಮನೆಯಲ್ಲಿ ಅದರೊಳಗಿನ ಹವಳ ಹದಿನೈದು ದಿನ ಬದುಕಿತ್ತು. ತಾನಾಗಿ ಸಾಯಲಿಲ್ಲ, ನಾನೇ ಬೇಸತ್ತು ಟಾಯ್ಲೆಟ್ಟಿಗೆ ಸುರಿದೆ. ತೊಟ್ಟಿಯಲ್ಲೀಗ ಈರುಳ್ಳಿ ಇದೆ.

ವಾರಕ್ಕೊಮ್ಮೆ ಅತ್ತೆಯ ಫೋನು. "ಹೆಂಗಿದೆಯೇ ನಮ್ಮ ಹವಳ?"

"ಕಲ್ಲು ತುಂಬಾ ಹಬ್ಬಿದೆ ಅತ್ತೆ."

"ಕೆರೀತಾ ಇರು ಮಾರಾಯ್ತಿ. ಬಿಟ್ರೆ ತಲೆ ಮೇಲೆ ಕೂತ್ಕೊಳ್ಳುತ್ತೆ."

ಸುಳ್ಳು ಹೇಳಿದರೆ ನಾಲಿಗೆ ಸವೆಯುತ್ತದೆಯೇ? ಮೂರು ವರ್ಷ ಹೇಳಿದೆ. ಹೆಚ್ಚಾದದ್ದನ್ನು ನಮ್ಮ ಆಫೀಸಿನವರೊಬ್ಬರಿಗೂ ಕೊಟ್ಟೆ ಎಂದು ಸೇರಿಸಿದೆ. ಅತ್ತೆಗೆ ಎಷ್ಟು ಖುಷಿ ಅಂತೀರಿ!

ಕಳೆದ ತಿಂಗಳ ಗಾಳಿಮಳೆಗೆ ಓಲ್ಡ್ ಟೌನಿನಲ್ಲಿ ಎರಡು ದಿನ ಕರೆಂಟಿರಲಿಲ್ಲ. ಪಂಪ್ ನಿಂತಿತು. ನೀರಿಗೆ ಗಾಳಿ ಸೇರಲಿ ಎಂದು ಅತ್ತೆ ಚೊಂಬಿನಲ್ಲಿ ಎತ್ತಿ ಎತ್ತಿ ಸುರಿದರಂತೆ, ಕೈ ಸೋಲುವವರೆಗೆ. ಮೀನೂ ಉಳಿಯಲಿಲ್ಲ, ಹವಳವೂ ಉಳಿಯಲಿಲ್ಲ.

ನಿನ್ನೆ ಬೆಳಿಗ್ಗೆ ಬಾಗಿಲು ತೆಗೆದರೆ ಅತ್ತೆ. ಬಸ್ಸಿನಲ್ಲಿ ಬಂದಿದ್ದರು, ಕೈಯಲ್ಲಿ ಉಪ್ಪುನೀರು ತುಂಬಿದ ಸ್ಟೀಲ್ ಡಬ್ಬಿ.

"ಒಂದೇ ತುಂಡು ಸಾಕು ಕಣೇ. ಕೊಟ್ಟಿದ್ದು ಒಳ್ಳೇದಾಯ್ತು ನೋಡು, ಉಳೀತು."

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಬಂದು ಈರುಳ್ಳಿ ನೋಡಿದ್ದರು. ಬಯ್ಯಬಾರದಿತ್ತೇ? ಬಯ್ದಿದ್ದರೆ ಬದುಕಿಕೊಳ್ಳುತ್ತಿದ್ದೆ.

"ಹೋಗ್ಲಿ ಬಿಡು, ಎಲ್ಲರ ಕೈಗೂ ಹತ್ತಲ್ಲ ಅದು" ಎಂದು ನನ್ನ ಬೆನ್ನು ತಟ್ಟಿದರು. "ಆಫೀಸಿನವರಿಗೆ ಕೊಟ್ಟಿದ್ದೀಯಲ್ಲ, ಅವರ ಮನೆಗೆ ಹೋಗೋಣ ನಡಿ."

ಚಪ್ಪಲಿ ಮೆಟ್ಟಿ, ಡಬ್ಬಿ ಹಿಡಿದು ಗೇಟಿನ ಹತ್ತಿರ ಕಾಯುತ್ತ ನಿಂತರು. ನಾನು ಸ್ಕೂಟರಿನ ಕೀಲಿ ಹುಡುಕುತ್ತೇನೆಂದು ಒಳಗೆ ಹೋಗಿ ಅತ್ತುಬಿಟ್ಟೆ. ಕೀಲಿ ಕೈಯಲ್ಲೇ ಇತ್ತು.