ಅಮೆರಿಕದ ಸಂಪಾದಕರ ಕೆಂಪು ಪೆನ್ನಿನ ಕೆಳಗೆ

ತಪ್ಪಾಗಬಾರದು ಅಂತ ಹೆದರಿಕೊಂಡು ಕೆಲಸ ಮಾಡುವವರನ್ನೇ ತಪ್ಪುಗಳು ವಿಳಾಸ ಹುಡುಕಿಕೊಂಡು ಬರುತ್ತವೆ. ನೆದರ್ಲೆಂಡ್ಸಿನ ಯುಟ್ರೆಕ್ಟ್‌ನ ಸಣ್ಣ ಇಂಗ್ಲಿಷ್ ವಾರಪತ್ರಿಕೆಯೊಂದರಲ್ಲಿ ಉಪಸಂಪಾದಕಿಯಾಗಿದ್ದಷ್ಟು ವರ್ಷವೂ ನನ್ನ ಪಾಡು ಇದೇ. ನಮ್ಮ ಸಂಪಾದಕರು ಅಮೆರಿಕದವರು. ಅಲ್ಲಿ ದೊಡ್ಡ ದಿನಪತ್ರಿಕೆಯೊಂದನ್ನು ನಡೆಸಿ, ನಾಲ್ಕಾರು ಪುಸ್ತಕ ಬರೆದು ಹೆಸರು ಮಾಡಿದವರು. ನಿವೃತ್ತಿಯಾದ ಮೇಲೆ ಡಚ್ ಹೆಂಡತಿಯ ಊರಿಗೆ ಬಂದರು, ಸುಮ್ಮನೆ ಕೂರಲಾಗದೆ ನಮ್ಮ ಪತ್ರಿಕೆ ಹಿಡಿದರು. ದೊಡ್ಡ ದೊಡ್ಡ ರಾಜಕಾರಣಿಗಳೇ ಅವರ ಮುಂದೆ ತಡವರಿಸುತ್ತಿದ್ದರಂತೆ. ಧಾರವಾಡದ ನಾನು ಯಾವ ಲೆಕ್ಕ?

೧. ರಜೆ ಚೀಟಿ

ಸೇರಿದ ಮೂರನೇ ವಾರ ಜ್ವರ ಬಂತು. ಶಾಲೆಯಲ್ಲಿ ಕಲಿಸಿದ ಹಾಗೆ ‘ಸವಿನಯ ಪ್ರಾರ್ಥನೆ’ಯಿಂದ ‘ತಮ್ಮ ವಿಧೇಯ’ದವರೆಗೆ ಸಂಪಾದಕರಿಗೆ ಇಂಗ್ಲಿಷಿನಲ್ಲಿ ಹನ್ನೆರಡು ಸಾಲು ಮೇಲ್ ಮಾಡಿದೆ. ಐದೇ ನಿಮಿಷಕ್ಕೆ ವಾಪಸ್ ಬಂತು, ಹನ್ನೊಂದು ಸಾಲಿಗೆ ಕೆಂಪು ಗೀರು ಹೊಡೆಸಿಕೊಂಡು. ‘ನನಗೆ ಜ್ವರ’ ಅನ್ನುವುದಷ್ಟೇ ಉಳಿದಿತ್ತು. ಕೆಳಗೆ ಬರೆದಿದ್ದರು: ‘ಸುದ್ದಿ ಒಂಬತ್ತನೇ ಸಾಲಿನಲ್ಲಿದೆ. ಬರಬೇಡಿ.’

ಆ ‘ಬರಬೇಡಿ’ಯನ್ನು ಮತ್ತೆ ಮತ್ತೆ ಓದಿದೆ. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ. ಬೆಸ್ಟ್ ಅನ್ನುವ ಊರಿನ ಆಫೀಸಿನಲ್ಲಿದ್ದ ಗಂಡನಿಗೆ ಫೋನ್ ಮಾಡಿದೆ.

“ನನ್ನ ಕೆಲಸದಿಂದ ತಗದಾರ್ರೀ!”

“ರಜಾ ಕೇಳಿದ್ದಕ್ಕ ತಗೀತಾರೇನ? ನಾಳೆ ಖುದ್ದ ಹೋಗಿ ಮಾತಾಡು.”

ಮಾರನೇ ದಿನ ಎರಡು ಸ್ವೆಟರ್ ಹಾಕಿಕೊಂಡು, ಜ್ವರದಲ್ಲೇ ಸೈಕಲ್ ತುಳಿದು ಹೋಗಿ ಅವರ ಮುಂದೆ ನಿಂತೆ. “ಸರ್, ಇನ್ನೊಂದು ಅವಕಾಶ ಕೊಡಿ.”

ಅವರು ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು. “ಮೊದಲು ‘ಬರಬೇಡಿ, ಮಲಗಿಕೊಳ್ಳಿ’ ಅಂತಲೇ ಬರೆದಿದ್ದೆ. ಒಂದು ಪದ ಜಾಸ್ತಿಯಾಯಿತು ಅಂತ ನಾನೇ ಹೊಡೆದುಹಾಕಿದೆ.”

೨. ಮುಖ್ಯ ಅತಿಥಿ

ನಮ್ಮ ಕನ್ನಡ ಕೂಟದ ಯುಗಾದಿಗೆ ಸಂಪಾದಕರೇ ಮುಖ್ಯ ಅತಿಥಿ. ಪರಿಚಯ ಮಾಡಿಸುವುದು ನನ್ನ ಪಾಲಿಗೆ ಬಂತು. ಏನಾದರೂ ಬಿಟ್ಟರೆ ಬೇಜಾರಾದಾರು ಅಂತ ಹೆದರಿ, ಅವರು ಎಳೆಯ ವರದಿಗಾರರಾಗಿ ಸೇರಿದ ದಿನದಿಂದ ಕೊನೇ ಪುಸ್ತಕದ ತಾತ್ಪರ್ಯದವರೆಗೆ ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಓದಿದೆ.

ಅವರು ಎದ್ದರು. “ಇದರಲ್ಲಿ ಎರಡು ತಪ್ಪುಗಳಿವೆ, ನಾಳೆ ಆಫೀಸಿನಲ್ಲಿ ಹೇಳುತ್ತೇನೆ. ಉಳಿದದ್ದನ್ನೆಲ್ಲ ಇವರೇ ಹೇಳಿಬಿಟ್ಟಿದ್ದಾರೆ. ಹಬ್ಬದ ಶುಭಾಶಯ,” ಅಂದು ಕೂತುಬಿಟ್ಟರು.

ಅತಿಥಿಗೆ ಸಿಟ್ಟು ಬಂದಿದೆ ಅಂತ ಕೂಟದ ಅಧ್ಯಕ್ಷರ ಮುಖ ಬಿಳಿಚಿಕೊಂಡಿತು. ನನಗಂತೂ ವೇದಿಕೆ ಬಾಯಿಬಿಟ್ಟು ನುಂಗಬಾರದೇ ಅನಿಸಿತು. ಅಷ್ಟರಲ್ಲಿ, ಮಗನ ಮನೆಗೆ ಅಂತ ಬಾಗಲಕೋಟೆಯಿಂದ ಬಂದಿದ್ದ ಅಜ್ಜರೊಬ್ಬರು ಎದ್ದು ನಿಂತು ಚಪ್ಪಾಳೆ ಹೊಡೆದರು.

“ಇಷ್ಟು ವಯಸ್ಸಾತು, ಇಂಥಾ ಛಲೋ ಭಾಷಣ ನಾ ಕೇಳೇ ಇಲ್ಲ. ಏಳ್ರೀ, ಹೋಳಿಗಿ ಆರಾಕ ಹತ್ಯಾವು!”

೩. ಶ್ರದ್ಧಾಂಜಲಿ

ಊರಿನ ಹಾಡುಗಾರರ ಸಂಘದ ಡಚ್ ಕಾರ್ಯದರ್ಶಿ ಇಂಗ್ಲಿಷಿನಲ್ಲಿ ಮೇಲ್ ಕಳಿಸಿದ್ದರು. ತಮ್ಮ ಹಿರಿಯ ಸದಸ್ಯರು, ನಿವೃತ್ತ ಮೇಷ್ಟ್ರು, ‘ನಮ್ಮನ್ನು ಬಿಟ್ಟು ಹೋದರು’. ಓದಿದವರ ಕಣ್ಣು ಒದ್ದೆಯಾಗುವ ಹಾಗೆ ಶ್ರದ್ಧಾಂಜಲಿ ಬರೆದುಕೊಟ್ಟೆ. ಪುಟ ಪ್ರೆಸ್ಸಿಗೆ ಹೋಗಲು ಅರ್ಧ ಗಂಟೆ ಇದ್ದಾಗ ಸಂಪಾದಕರು ಕೇಳಿದರು, “ಮನೆಯವರನ್ನು ವಿಚಾರಿಸಿದಿರಾ?”

ವಿಚಾರಿಸಿರಲಿಲ್ಲ. ಮೇಷ್ಟ್ರ ಮನೆಯ ನಂಬರ್ ಒತ್ತಿದೆ. ಗಂಡಸಿನ ದನಿ ಬಂತು. ಮೇಷ್ಟ್ರ ಹೆಸರು ಹೇಳಿ, “ಅವರು ತೀರಿಕೊಂಡ ವಿಷಯಕ್ಕೆ ಫೋನ್ ಮಾಡಿದೆ” ಅಂದೆ.

“ಮಾತಾಡುತ್ತಿರುವುದು ಅವನೇ. ನಾನು ಬಿಟ್ಟದ್ದು ಸಂಘವನ್ನು. ಅಲ್ಲಿ ಒಬ್ಬರಿಗೂ ಶ್ರುತಿ ಇಲ್ಲ.”

ಕ್ಷಮೆ ಕೇಳಿದೆ. “ಇರಲಿ, ಏನು ಬರೆದಿದ್ದೀರಿ ಓದಿ,” ಅಂದರು. ಓದಿದೆ. “ಚೆನ್ನಾಗಿದೆ. ಮೊಮ್ಮಕ್ಕಳು ಮೂರಲ್ಲ, ನಾಲ್ಕು. ತಿದ್ದಿ ಇಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.”

ಅಲ್ಲಿಂದ ಪ್ರತಿ ಜನವರಿ ಅವರ ಫೋನ್. “ದೋಣಿ ಕೊಂಡೆ, ಸೇರಿಸಿ.” “ಮಂಡಿ ಆಪರೇಷನ್ ಆಯಿತು, ಅದು ಬೇಡ.”

ಒಂದು ವರ್ಷ ಜನವರಿ ಕಳೆಯಿತು. ಫೆಬ್ರವರಿಯೂ ಕಳೆಯಿತು. ಫೋನ್ ಇಲ್ಲ. ನನಗೆ ಊಟ ಸೇರದಾಯಿತು. ಆ ಫೈಲ್ ತೆರೆಯುವುದು, ಮುಚ್ಚುವುದು. ಕಡೆಗೆ ಎದೆ ಗಟ್ಟಿ ಮಾಡಿಕೊಂಡು ನಾನೇ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾದ ಮೇಲೆ ಅದೇ ದನಿ!

“ಸರ್, ಈ ಸಲ ಯಾಕೆ ಫೋನೇ ಮಾಡಲಿಲ್ಲ?”

“ಹೇಳಿಕೊಳ್ಳುವಂಥದ್ದು ಏನೂ ಆಗಲಿಲ್ಲ,” ಅಂದರು ಮೇಷ್ಟ್ರು. “ಇನ್ನು ಸಾಯುವುದೊಂದೇ ಬಾಕಿ. ಅದಾದಾಗ ಮಾಡುತ್ತೇನೆ.”