ಬಲಕ್ಕೆ ಬಿದ್ದ ಹೂವು

ರುದ್ರಮುನಿ ಮಾಡಿದ ತಪ್ಪು ಒಂದೇ. ರಾಜೀನಾಮೆ ಪತ್ರದ ನಕಲೊಂದು ತನ್ನ ಹತ್ತಿರ ಇರಲಿ ಎಂದು ಸೋಮವಾರ ಬೆಳಿಗ್ಗೆ ರಾಯದುರ್ಗದ ಬಸ್ ಸ್ಟ್ಯಾಂಡ್ ಎದುರಿನ ಜೆರಾಕ್ಸ್ ಅಂಗಡಿಗೆ ಹೋದ. ಗುಟ್ಟನ್ನು ಬೇಕಾದರೆ ಡಂಗುರ ಸಾರುವವನಿಗೆ ಹೇಳಬಹುದು, ಜೆರಾಕ್ಸ್ ಅಂಗಡಿಯವನ ಕೈಗೆ ಮಾತ್ರ ಕೊಡಬಾರದು. ಆ ಮಹಾರಾಯ ಪತ್ರವನ್ನು ಎರಡು ಸಲ ಓದಿ, "ಒಂದ್ ಸಾಕಾ ಸರ್?" ಎಂದು ಕೇಳಿದ.

ರುದ್ರಮುನಿ ಸಣ್ಣ ಕುಳವಲ್ಲ. ಉಜ್ಜಿನಪ್ಪನವರ ಜೀನ್ಸ್ ಫ್ಯಾಕ್ಟರಿಯ ಜನರಲ್ ಮ್ಯಾನೇಜರ್. ಮುನ್ನೂರು ಜನ ಕೈಕೆಳಗೆ, ಗಾಜಿನ ಕೋಣೆ, ತಿರುಗುವ ಕುರ್ಚಿ. ಊರಿಗೆಲ್ಲ ಅವನನ್ನು ಕಂಡರೆ ಹೊಟ್ಟೆಕಿಚ್ಚು. ಅವನಿಗೋ ಬೆಳಿಗ್ಗೆ ಹಲ್ಲುಜ್ಜುವಾಗಲೇ ಅಳು ಬರುತ್ತಿತ್ತು. ಝಿಪ್ಪು ಕಿತ್ತರೆ ಬೆಂಗಳೂರಿನವರು ಅವನನ್ನು ಬೈಯಬೇಕು, ಬಣ್ಣ ಬಿಟ್ಟರೆ ಬಳ್ಳಾರಿಯವರು ಬೈಯಬೇಕು, ಕರೆಂಟು ಹೋದರೆ ಎಲ್ಲರೂ ಸೇರಿ ಬೈಯಬೇಕು. ಹತ್ತೊಂಬತ್ತು ವರ್ಷ ಹೀಗೇ. ಇತ್ತೀಚೆಗಂತೂ ಯಾರಾದರೂ ಎದುರಿಗೆ ಬಂದರೆ ಅವನು ಮುಖ ನೋಡುವ ಮೊದಲು ಪ್ಯಾಂಟಿನ ಹೊಲಿಗೆ ನೋಡುತ್ತಿದ್ದ. ಥೂ, ಇದೂ ಒಂದು ಬದುಕೇ?

ಮಡಕಶಿರದ ಗೆಳೆಯ ನರಸಿಂಹಯ್ಯ ಭಾನುವಾರ ಫೋನು ಮಾಡಿದ್ದ. "ಅಗಳಿ ದಾರೀಲಿ ಎರಡೆಕ್ರೆ ಹಿಪ್ಪುನೇರಳೆ ತ್ವಾಟ, ಹುಳ ಸಾಕೋ ಮನೆ ಸಮೇತ ಗುತ್ತಿಗೆಗೆ ಕೊಡ್ತಾವ್ರೆ ಕಣಪ್ಪಾ. ನಾಳೆ ಸಂಜೆ ಒಳ್ಗೆ ಬತ್ತೀನಿ ಅನ್ನು. ಇಲ್ದಿದ್ರೆ ಬ್ಯಾರೆಯೋರು ಕಾಯ್ಕಂಡವ್ರೆ." ರೇಷ್ಮೆಹುಳ ಸೊಪ್ಪು ತಿನ್ನುತ್ತದೆ, ಗೂಡು ಕಟ್ಟುತ್ತದೆ, ಫೋನು ಮಾಡಿ ಬೈಯುವುದಿಲ್ಲ. ಉಳಿದ ಆಯುಷ್ಯವನ್ನು ಅದರ ಜೊತೆ ಕಳೆಯಲು ರುದ್ರಮುನಿ ನಿರ್ಧರಿಸಿದ್ದ, ಪತ್ರದಲ್ಲೂ ಹಾಗೇ ಬರೆದಿದ್ದ.

ಅವನು ಫ್ಯಾಕ್ಟರಿ ಗೇಟು ತಲುಪುವ ಮೊದಲೇ ಸುದ್ದಿ ತಲುಪಿತ್ತು. ಗುಂಡಿ ಹಚ್ಚುವ ಕದರಮ್ಮ ಸೆರಗು ಬಾಯಿಗಿಟ್ಟುಕೊಂಡು, "ಅಯ್ಯೋ, ಸಾರ್ ವೆಳ್ಳಿಪೋತುನ್ನಾರಂಟ!" ಎಂದು ತೆಲುಗಿನಲ್ಲಿ ಅತ್ತಳು. ಪಕ್ಕದವಳು, "ಸಾಹೇಬ್ರು ಬಿಟ್ ಹೊಂಟಾರಂತ!" ಎಂದು ಕನ್ನಡದಲ್ಲಿ ಅತ್ತಳು.

ಲೆಕ್ಕಪತ್ರ ನೋಡುವ ಸಿದ್ದರಾಮೇಶ್ ಓಡಿಬಂದ. "ಸರ್, ನಿಮ್ ಕೆಲ್ಸದಾಗ ಏನೂ ತಪ್ಪಿಲ್ರಿ. ನಿಮ್ ಕುರ್ಚಿ ದಕ್ಷಿಣಕ್ಕ ಮುಖ ಮಾಡೇತಿ. ಅದ್ಕ ನೋಡ್ರಿ ನಿಮಗ ಬ್ಯಾಸರ!"

"ಸಿದ್ದರಾಮೇಶಾ, ಕೈ ಮುಗೀತೀನೋ, ಬಿಟ್ಬಿಡು."

"ನೀವು ಸುಮ್ನ ನಿಂದರ್ರಿ ಸರ್."

ನಾಲ್ಕು ಜನ ಬಂದು ಕುರ್ಚಿ, ಮೇಜು, ಬೀರು ಎಲ್ಲವನ್ನೂ ತಿರುಗಿಸಿದರು. ಅರ್ಧ ಗಂಟೆಯಾಗುವಷ್ಟರಲ್ಲಿ ಜನರಲ್ ಮ್ಯಾನೇಜರ್ ಸಾಹೇಬರು ಗೋಡೆಗೆ ಮುಖ ಮಾಡಿ, ಶಿಕ್ಷೆಗೆ ಕೂರಿಸಿದ ಹುಡುಗನ ಹಾಗೆ ಕೂತಿದ್ದರು.

ಆಮೇಲೆ ಬಂದವಳು ಎಚ್ಆರ್ ತ್ರಿವೇಣಿ. ಹೋದ ತಿಂಗಳಷ್ಟೇ ಹಿಂದೂಪುರದಲ್ಲಿ ಎರಡು ದಿನದ ತರಬೇತಿ ಮುಗಿಸಿದ್ದಳು. ಕಲಿತದ್ದನ್ನು ಪ್ರಯೋಗಿಸಲು ಅವಳಿಗೆ ಒಬ್ಬ ದೊಡ್ಡ ಅಧಿಕಾರಿಯ ದುಃಖ ಬೇಕಾಗಿತ್ತು.

"ಸರ್, ದೊಡ್ಡ ಹುದ್ದೇದಾಗ ಇರೋರಿಗೆ ಇದು ಬರೋದ ರೀ. ಕಣ್ ಮುಚ್ರಿ. ನಿಮ್ ಕೆಲ್ಸದಾಗ ನಿಮಗ ಭಾಳ ಸೇರೋ ಐದು ಸಂಗತಿ ಹೇಳ್ರಿ."

ರುದ್ರಮುನಿ ಕಣ್ಣು ಮುಚ್ಚಿ ಬಹಳ ಹೊತ್ತು ಹುಡುಕಿದ. "ಊಟದ ಹೊತ್ತು."

"ಭೇಷ್! ಇನ್ನಾ ನಾಲ್ಕು?"

"ಭಾನುವಾರ."

"ಇನ್ನಾ ಮೂರು ರೀ?"

ಗೊರಕೆ ಕೇಳಿಸಿತು. ರುದ್ರಮುನಿ ನಿದ್ದೆ ಹೋಗಿದ್ದ. ಹಾಳಾದ್ದು, ಆ ನಿದ್ದೆಯೂ ಉಳಿಯಲಿಲ್ಲ. ಹೆಂಡತಿ ಸರ್ವಮಂಗಳಮ್ಮನ ಫೋನು ಬಂತು.

"ಏನ್ರೀ, ಮಗಳನ್ನ ನೋಡಾಕ ಬರೋರಿಗೆ ಜನರಲ್ ಮ್ಯಾನೇಜರ್ ಮಗಳು ಅಂತ ಹೇಳೇನಿ. ಈಗ ಹುಳಾ ಮೇಸೋರ ಮಗಳು ಅಂತ ಹೇಳ್ಲೇನು? ಊರ ಮಂದಿಗೆಲ್ಲ ಗೊತ್ತು, ಹೆಂಡ್ತಿಗೆ ಗೊತ್ತಿಲ್ಲ! ಸಂಜೀಕ ಮನಿಗೆ ಬರ್ರಿ, ಐತಿ ನಿಮಗ!"

ನಾಲ್ಕು ಗಂಟೆಗೆ ಉಜ್ಜಿನಪ್ಪನವರು ಕರೆಸಿದರು. ಎಪ್ಪತ್ತಾರರ ಮುದುಕರು, ವಿಭೂತಿ ಬಿಟ್ಟರೆ ಬೇರೆ ಆಡಂಬರವಿಲ್ಲ. ರುದ್ರಮುನಿ ಪತ್ರ ಕೊಟ್ಟ. ಅವರು ಓದಿ, ಮಡಚಿ, ಜೇಬಿಗಿಟ್ಟುಕೊಂಡರು. ಮುಖ ಸುಟ್ಟ ಬದನೆಕಾಯಿ ಆಗಿತ್ತು.

"ನಾ ಏನ್ ಹೇಳ್ಲಪ್ಪ? ಅಪ್ಪ ವೀರಭದ್ರನ್ನ ಕೇಳೋಣು. ಐದಕ್ಕ ಗುಡೀಗೆ ಬಾ."

ರುದ್ರಮುನಿಯ ಎದೆ ಒಡೆಯಿತು. ಓಣಿಯ ವೀರಭದ್ರನಲ್ಲಿ ಹೂ ಕೇಳದೆ ಉಜ್ಜಿನಪ್ಪನವರು ಒಂದು ಮಿಷನ್ನೂ ಕೊಂಡವರಲ್ಲ. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸುತ್ತಾನೆ. ಕೇಳುವವರು ಮನಸ್ಸಿನಲ್ಲೇ ಕೇಳಬೇಕು, ಅದೂ ದಿನಕ್ಕೆ ಒಂದೇ ಪ್ರಶ್ನೆ. ಬಲಗಡೆಯದು ಮೊದಲು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದಾದರೆ ಬೇಡ. ರುದ್ರಮುನಿಯ ವಿಷಯದಲ್ಲಿ ವೀರಭದ್ರ ಯಾವತ್ತೂ ಎಡಗಡೆಯೇ. ಜನರೇಟರ್ ಕೇಳಿದಾಗ ಎಡಕ್ಕೆ, ರಜೆ ಕೇಳಿದಾಗ ಎಡಕ್ಕೆ. ಇವತ್ತೂ ಎಡಕ್ಕೆ ಬಿದ್ದರೆ ಅಗಳಿ ದಾರಿಯ ತೋಟ ಇನ್ನೊಬ್ಬನ ಪಾಲು, ಅವನ ಪಾಲಿಗೆ ಸಾಯುವತನಕ ಪ್ಯಾಂಟು.

ನಾಲ್ಕೂವರೆಗೆ ಅವನು ಹಿಂದಿನ ಬಾಗಿಲಿನಿಂದ ಗುಡಿಗೆ ಓಡಿ ಪೂಜಾರಿ ಶರಭಯ್ಯನ ಕಾಲು ಹಿಡಿದ.

"ಸ್ವಾಮಿಗಳ, ಬಲಗಡಿ ಹೂವು ಒಣಾದು ಇಡ್ರಿ. ಜಲ್ದಿ ಬೀಳಂಗ."

"ಏ ಥೂ! ದೇವರಿಗೇ ಮೋಸ ಮಾಡಂತೀಯೇನೋ?"

ಐವತ್ತನಾಲ್ಕು ವರ್ಷದ ರುದ್ರಮುನಿ ಕಲ್ಲುಹಾಸಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ. "ನನ್ ಕೈಲಿ ಆಗಂಗಿಲ್ರಿ ಸ್ವಾಮಿ. ಹತ್ತೊಂಬತ್ತು ವರ್ಷ ಆತು. ಯಾರ್ ಕೇಳಿದ್ರೂ ನಿನಗೇನಪ್ಪ ಕಡಿಮಿ ಅಂತಾರ. ನನಗ ಉಸ್ರಾಡಾಕ ಆಗವಲ್ದು ರೀ. ಇವತ್ತು ಬಿಡ್ಲಿಲ್ಲಂದ್ರ ನಾ ಸತ್ತಂಗ."

ಶರಭಯ್ಯನ ಕರುಳು ಚುರ್ ಎಂದಿತು. "ಆತು, ಅಳಬ್ಯಾಡ ಏಳು," ಎಂದು ಬಲಕ್ಕೆ ಒಣ ಹೂವು ಆರಿಸಿ ಇಟ್ಟುಕೊಂಡ.

ಐದಕ್ಕೆ ಅರ್ಧ ಫ್ಯಾಕ್ಟರಿಯೇ ಗುಡಿಯಲ್ಲಿತ್ತು. ಸರ್ವಮಂಗಳಮ್ಮ ಸೊಂಟದ ಮೇಲೆ ಕೈಯಿಟ್ಟು ಕಂಬದ ಪಕ್ಕ ನಿಂತಿದ್ದಳು. ಉಜ್ಜಿನಪ್ಪನವರು ಕಣ್ಣು ಮುಚ್ಚಿ ಕೈ ಜೋಡಿಸಿದರು. ಅವರ ತುಟಿ ಅಲುಗುತ್ತಿತ್ತು. ಗಂಟೆ ಮೂರು ಸಲ ಹೊಡೆಯುವುದರೊಳಗೆ ಬಲಗಡೆಯ ಹೂವು ಟಪ್ಪನೆ ಉದುರಿತು.

"ಬಲಕ್ಕ! ಬಲಕ್ಕ!" ಎಂದು ಜನ ಕೂಗಿದರು. ರುದ್ರಮುನಿ ಅಲ್ಲೇ ಫೋನು ತೆಗೆದು, "ನರಸಿಂಹಯ್ಯಾ, ಬರ್ತೀನಪ್ಪಾ, ಬಂದ್ಬಿಟ್ಟೆ ಅನ್ಕೋ!" ಎಂದು ಕಿರುಚಿದ. ಎಷ್ಟೋ ವರ್ಷದ ಮೇಲೆ ಅವನಿಗೆ ಹಸಿವಾಯಿತು.

ಉಜ್ಜಿನಪ್ಪನವರು ದೇವರ ಮುಂದೆ ಉದ್ದಕ್ಕೆ ಬಿದ್ದಿದ್ದರು. ಎದ್ದವರೇ ಕಣ್ಣೀರು ಸುರಿಸುತ್ತ ಅವನನ್ನು ತಬ್ಬಿಕೊಂಡರು.

"ಮೂರು ವರ್ಷ ಆತೋ ಮುನಿ, ಸೋಮವಾರ ಸೋಮವಾರ ಇದನ್ನ ಕೇಳಾಕ ಹತ್ತೇನಿ. ಒಮ್ಮೆನೂ ಬಲಕ್ಕ ಬಿದ್ದಿದ್ದಿಲ್ಲ. ಅಪ್ಪ ಇವತ್ತು ಕಣ್ ಬಿಟ್ಟ!"

"ಏನ್ ಕೇಳಿದ್ರಿ ಸಾವ್ಕಾರ್ರ?"

"ಇನ್ನೇನು? ಈ ಫ್ಯಾಕ್ಟ್ರಿ ನನಗ ಸಾಕಾಗೇತಿ ತಂದೆ, ಪೂರಾ ರುದ್ರಮುನಿ ತಲಿಮ್ಯಾಲ ಹಾಕಿ ನಾ ಶ್ರೀಶೈಲದಾಗ ಜಪ ಮಾಡ್ಕೊಂಡಿರ್ಲೇನು ಅಂದೆ. ನಿನ್ ಕಾಗದ ನೋಡಿ ಎದಿ ಧಸಕ್ಕಂದಿತ್ತು ನೋಡು. ನೀ ಹೋದ್ರ ನನಗ ಬಿಡುಗಡಿ ಎಲ್ಲೈತಿ? ಅದ್ಕ ಇವತ್ತೂ ಇದನ್ನ ಕೇಳಿಬಿಟ್ಟೆ."

ರುದ್ರಮುನಿ ಶರಭಯ್ಯನ ಕಡೆ ನೋಡಿದ. ಶರಭಯ್ಯ ದೀಪದ ಬತ್ತಿಯನ್ನು ಬಹಳ ಶ್ರದ್ಧೆಯಿಂದ ಸರಿಮಾಡುತ್ತಿದ್ದ. ನಿಜ ಹೇಳೋಣವೆಂದರೆ ಸುತ್ತ ನೂರೈವತ್ತು ಜನ, ಎದುರಿಗೆ ವೀರಭದ್ರ, ಅವನ ಕೈಯಲ್ಲಿ ಕತ್ತಿ. ಕದರಮ್ಮ ಈ ಸಲ ಆನಂದಕ್ಕೆ ಅತ್ತಳು. ಸರ್ವಮಂಗಳಮ್ಮ, "ನೋಡಾಕ ಬರೋರಿಗೆ ಇನ್ನ ಫ್ಯಾಕ್ಟ್ರಿ ಯಜಮಾನ್ರ ಮಗಳು ಅಂತ ಹೇಳ್ತೀನಿ," ಎಂದು ಮನೆಗೆ ಓಡಿದಳು.

"ನನ್ ಕಾಗದಾ, ಸಾವ್ಕಾರ್ರ?" ಎಂದು ರುದ್ರಮುನಿ ಕ್ಷೀಣವಾಗಿ ಕೇಳಿದ.

"ಹ್ಞಾಂ, ಅದೊಂದ್ ಉಳದೇತಿ," ಎಂದು ಉಜ್ಜಿನಪ್ಪನವರು ಜೇಬಿನಿಂದ ಪತ್ರ ತೆಗೆದು ಅವನ ಕೈಗೆ ಕೊಟ್ಟರು, ಪೆನ್ನಿನ ಸಮೇತ. "ಇನ್ನ ಇಂಥಾವು ನಿನ್ ಜವಾಬ್ದಾರಿ. ಮ್ಯಾನೇಜರ್ ರಾಜೀನಾಮೆ ನಾಮಂಜೂರು ಅಂತ ಬರದು ಸೈನ್ ಹಾಕಪ್ಪ. ಶುಭಕಾರ್ಯ, ತಡ ಮಾಡಬ್ಯಾಡ."

ಎಲ್ಲರೂ ನೋಡುತ್ತಿದ್ದಂತೆ ರುದ್ರಮುನಿ ಪತ್ರವನ್ನು ಕಂಬಕ್ಕೆ ಒತ್ತಿ ಹಿಡಿದು ಬರೆದ, ಸಹಿ ಹಾಕಿದ.