ಬಾಲವಿಲ್ಲದ ಇಂಟರ್‌ನೆಟ್ಟು

ನೆರೂಳಿನ ಕನ್ನಡ ಸಂಘದಲ್ಲಿ ಎಂಟು ವರ್ಷ ಕುರ್ಚಿ ಹೊತ್ತ ಮೇಲೆ ಲತೀಶನಿಗೆ ‘ಕಂಪ್ಯೂಟರ್ ವಿಭಾಗದ ಸಂಚಾಲಕ’ ಎಂಬ ಪದವಿ ಸಿಕ್ಕಿತ್ತು. ಆ ಹುರುಪಿನಲ್ಲಿ ಸಭೆಯಲ್ಲಿ ಎದ್ದು ನಿಂತು, “ವಿಂಡೋಸಿಗೆ ದುಡ್ಡು ಯಾಕೆ ಹಾಕುವುದು? ಲಿನಕ್ಸ್ ಪುಕ್ಕಟೆ, ನಾನೇ ಹಾಕಿ ಕೊಡ್ತೇನೆ” ಎಂದುಬಿಟ್ಟ. ಹಾಕಿಯೂ ಹಾಕಿದ. ಆದರೆ ಭಾನುವಾರ ಬೆಳಿಗ್ಗೆ ನೋಡಿದರೆ, ವೈರಿಲ್ಲದೆ ಇಂಟರ್‌ನೆಟ್ ಹಿಡಿಯಬೇಕಾದ ಕಾರ್ಡು ಪ್ಲಾಟ್‌ಫಾರಮ್ಮಿನಲ್ಲಿ ಮುಖ ತಿರುಗಿಸುವ ನೆಂಟನ ಹಾಗೆ ಸುಮ್ಮನೆ ಕೂತಿತ್ತು. ಸಂಜೆ ಐದಕ್ಕೆ ಸಂಘದ ವೆಬ್‌ಸೈಟಿನ ಉದ್ಘಾಟನೆ.

“ಅದು ಮುಖ್ಯ ಅತಿಥಿಗಳೇ ಕೊಟ್ಟ ಕಾರ್ಡು ಮಾರಾಯ” ಎಂದರು ಅಧ್ಯಕ್ಷೆ ರತ್ನಾವತಿ. “ಅವರೆದುರು ಮರ್ಯಾದೆ ಹೋದ್ರೆ ನೀನು ವಾಪಸ್ ಕುರ್ಚಿ ಹೊರ್ಲಿಕ್ಕೇ.”

ಕಾರ್ಡು ನಡೆಯಲು ಡ್ರೈವರ್ ಎಂಬ ತಂತ್ರಾಂಶ ಬೇಕು. ಡ್ರೈವರ್ ಇರುವುದು ಇಂಟರ್‌ನೆಟ್ಟಿನಲ್ಲಿ. ಇಂಟರ್‌ನೆಟ್ ಬರಲು ಕಾರ್ಡು ನಡೆಯಬೇಕು! ಲತೀಶ ಪೆನ್‌ಡ್ರೈವ್ ಹಿಡಿದು ಸ್ಟೇಷನ್ ಹತ್ತಿರದ ಸೈಬರ್ ಕೆಫೆಗೆ ಮೂರು ಸಲ ಓಡಿದ. ಮೂರು ಡ್ರೈವರ್ ತಂದ. ಒಂದೂ ಹೊಂದಲಿಲ್ಲ.

ಕುರ್ಚಿ ಹಾಕಲು ಬಂದಿದ್ದ ಕಲಬುರಗಿಯ ಅಂಬಾರಾಯರು ಕಾರ್ಡು ಕಿತ್ತು ಊದಿ, ಕರ್ಚೀಫಿನಲ್ಲಿ ಒರೆಸಿ, ಮತ್ತೆ ಸಿಕ್ಕಿಸಿದರು. “ಇದರ ಆಂಟೆನಾ ಕಿಟಕಿ ಕಡೆ ತಿರುವ್ರಿ. ಟಿವಿಗೆ ನಾವು ಹಂಗ ಮಾಡ್ತಿದ್ವಿ.” ತಿರುಗಿಸಿದ್ದಾಯಿತು. ಪಾಪ, ಲತೀಶನಿಗೆ ಅಳುವುದೊಂದೇ ಬಾಕಿ.

ನಾಲ್ಕೂವರೆಗೆ ಅವನು ಮಾನ ಉಳಿಸಿಕೊಳ್ಳಲು ಹೊರಟ. ಮೇಲಿನ ಮನೆಯ ಜಯಲತಕ್ಕನ ಕಾಲು ಹಿಡಿದು, ಅವರ ಇಂಟರ್‌ನೆಟ್ಟಿನ ವೈರನ್ನು ಕಿಟಕಿಯಿಂದ ಇಳಿಸಿ, ಜಮಖಾನದಡಿ ಎಳೆದು, ಕಂಪ್ಯೂಟರಿನ ಬೆನ್ನಿಗೆ ಚುಚ್ಚಿದ. ವೈರು ಕಾಣದ ಹಾಗೆ ಒಂದು ಹೂದಾನಿ ಅಡ್ಡ ಇಟ್ಟ.

ಐದಕ್ಕೆ ಮುಖ್ಯ ಅತಿಥಿ, ಬೆಂಗಳೂರು ಮೂಲದ ಕಂಪ್ಯೂಟರ್ ಸಾಮಾನಿನ ವ್ಯಾಪಾರಿ ಸತ್ಯನಾರಾಯಣರು ಗುಂಡಿ ಒತ್ತಿದರು. ವೆಬ್‌ಸೈಟ್ ತೆರೆದುಕೊಂಡಿತು. ಚಪ್ಪಾಳೆ! “ಆಂಟೆನಾ ತಿರುವಿದ್ದು ನಾನಽ” ಎಂದರು ಅಂಬಾರಾಯರು.

ಸತ್ಯನಾರಾಯಣರು ವೆಬ್‌ಸೈಟ್ ನೋಡಲೇ ಇಲ್ಲ. ಕಾರ್ಡನ್ನೇ ನೋಡುತ್ತಾ ನಿಂತರು. ಕಣ್ಣು ತೇವವಾಯಿತು. ಮೈಕ್ ಕಿತ್ತುಕೊಂಡರು.

“ಲಿನಕ್ಸಲ್ಲಿ ನಡೆಯಲ್ಲ ಅಂತ ಗಿರಾಕಿಗಳೆಲ್ಲ ಈ ಕಾರ್ಡನ್ನ ವಾಪಸ್ ತಂದು ಹಾಕಿದ್ರು. ನನ್ನ ತುರ್ಭೆ ಗೋಡೌನಲ್ಲಿ ಇನ್ನೂರು ಬಿದ್ದಿವೆ. ನಡೆಸಿ ತೋರಿಸಿದ ಮೊದಲನೇ ಗಂಡಸು ನಮ್ಮ ಲತೀಶ್! ಇನ್ನೂರನ್ನೂ ಕನ್ನಡ ಶಾಲೆಗಳಿಗೆ ದಾನ ಕೊಡ್ತಿದ್ದೀನಿ. ಲಿನಕ್ಸ್ ಹಾಕಿ, ಕಾರ್ಡು ನಡೆಸಿಕೊಡೋದು ಇವ್ರೇ!”

ಶಾಲು ಹೊದಿಸಿದರು, ಹಣ್ಣಿನ ತಟ್ಟೆ ಕೊಟ್ಟರು. ಲತೀಶ ಬಾಯಿ ತೆರೆದ, ಜಮಖಾನ ನೋಡಿದ, ಬಾಯಿ ಮುಚ್ಚಿದ.

ಏಳು ಗಂಟೆಗೆ ಇನ್ನೂರು ಕಾರ್ಡು ಹೊತ್ತ ಟೆಂಪೋ ಬಂತು. ಶಾಲು ಹೊದ್ದುಕೊಂಡೇ ಅವನು ಪೆಟ್ಟಿಗೆ ಹೊತ್ತು ಸಂಘದ ಮೆಟ್ಟಿಲು ಹತ್ತತೊಡಗಿದ. ಎರಡನೇ ಮಹಡಿಯಲ್ಲಿ ನಿಂತು ಉಸಿರು ಬಿಟ್ಟಾಗ ಅನ್ನಿಸಿತು, ಕುರ್ಚಿಗಳೇ ಹಗುರವಾಗಿದ್ದವು.